ಇಬೂತಿ ಹಚ್ಚಿದ ಕ್ಯಾಸೆಟ್ಟು

ಹಾಲಸ್ವಾಮಿ ಮೈಕ್ ಸೆಟ್ಟು ಅಂದ್ರೆ ಇಡೀ ಚನ್ನಗಿರಿ ತಾಲ್ಲೂಕಿಗೆ ಗೊತ್ತು. ನಲ್ಲೂರಾಗೆ ಹಾರ್ನ್ ಕಟ್ಟಿ ಹಾಡು ಹಚ್ಚಿದ್ರೆ ಕೆರೆಬಿಳಚಿಯಾಗೆ ಕಾವಿಗೆ ಕುಂತಿರೋ ಕೋಳಿ ಎದ್ದು ಕುಣೀತಿತ್ತು. ಸುಳ್ಳಲ್ರಿ. ನ್ಯಾಮತಿ ಸಂತೆಯಾಗೆ ಒಂದ್ಸಲ ಹಿಂಗೇ ಹಚ್ಚಿದಾಗ ಒಬ್ಬ ಮುದುಕಪ್ಪನ ಕಿವುಡು ಬಿಟ್ಟು ಹೋತು. ಪಾಪ, ಅವನಿಗೆ ಮೊದಲು ಕೇಳಿಸಿದ್ದು ಹೆಂಡ್ತಿ ಬೈಗುಳ. ಸೀದಾ ನಮ್ಮ ಹತ್ರ ಬಂದು "ನನ್ ಕಿವುಡು ನಂಗೆ ವಾಪಸ್ ಕೊಡ್ರಲೇ" ಅಂತ ಜಗಳಕ್ಕೆ ನಿಂತ.

ನಾನು ಓಬಣ್ಣ. ಹಾರ್ನ್ ಕಟ್ಟೋದು ನನ್ ಕೆಲಸ. ಅಂದ್ರೆ ಮರ ಹತ್ತೋದು. ಬಸವಾಪಟ್ಟಣದಾಗೆ ಒಂದು ತೆಂಗಿನ ಮರ ಹತ್ತಿದ್ದೆ ನೋಡ್ರಿ, ಅಷ್ಟು ಎತ್ತರ ಎಲ್ಲೂ ಇಲ್ಲ. ಮ್ಯಾಲೆ ಹೋಗಿ ಬೀಡಿ ತೆಗೆದೆ, ಬೆಂಕಿಪೊಟ್ಟಣ ಇರಲಿಲ್ಲ. ಪಕ್ಕದಾಗಿದ್ದ ಮೋಡದ ಹತ್ರ ಕೇಳಿದೆ. ಫಳ್ ಅಂತ ಮಿಂಚಿ ಹಚ್ಕೊಡ್ತು.

"ಓಬಣ್ಣ, ನಿನ್ ಮಾತು ಜರಡಿ ಹಿಡಿದ್ರೆ ಜರಡಿನೂ ಉಳಿಯಲ್ಲ" ಅಂತಿದ್ದ ಹಾಲಸ್ವಾಮಿ.

ಈಗ ಹೇಳೋದನ್ನ ಮಾತ್ರ ನೀವು ಜರಡಿ ಹಿಡಿಯಾಕೆ ಹೋಗಬ್ಯಾಡ್ರಿ. ನಾನೇ ಹಿಡಿದು ತಂದೀನಿ.

ಮೊದಲು ನಮ್ಮ ಹತ್ರ ಇದ್ದಿದ್ದು ಪ್ಲೇಟ್ ಹಾಕೋ ಮಷೀನು. ರೊಟ್ಟಿ ಹಂಚಿನಂಗಿರೋ ಕರೇ ಪ್ಲೇಟು, ಮುಳ್ಳು ಇಟ್ರೆ ಹಾಡೋದು. ಆಮೇಲೆ ಕ್ಯಾಸೆಟ್ ಬಂತು. ಹಾಲಸ್ವಾಮಿ ದಾವಣಗೆರೆಗೆ ಹೋಗಿ ಟೇಪ್‌ರೆಕಾರ್ಡ್ ತಂದ. ತಂದ ಮ್ಯಾಲೆ ಅದನ್ನ ನೋಡ್ಕೊಂಡ ರೀತಿ ಏನ್ ಹೇಳ್ಲಿ, ಬಾಣಂತಿನ ನೋಡ್ಕೊಂಡಂಗೆ. ಬಿಸಿಲು ಬೀಳಂಗಿಲ್ಲ, ಗಾಳಿ ತಾಗಂಗಿಲ್ಲ, ಕುಂಕುಮದ ಕೈಯಾಗೆ ಮುಟ್ಟಂಗಿಲ್ಲ. ಯಾರಾದ್ರೂ ಹೊರಗಿನ ಕ್ಯಾಸೆಟ್ ತಂದು "ಇದೊಂದು ಹಾಕಣ್ಣ" ಅಂದ್ರೆ ಸುಮ್ನೆ ಹಾಕ್ತಿರಲಿಲ್ಲ. ಬೆಳಕಿಗೆ ಹಿಡಿದು ನೋಡೋನು. ಮೂಸಿ ನೋಡೋನು. ಬಟ್ಟೆಯಾಗೆ ಒರೆಸಿ, ತೂತಿನಾಗೆ ಪೆನ್ಸಿಲ್ ಹಾಕಿ ತಿರುಗಿಸಿ, ಒಳಗಿನ ರೀಲು ಸಲೀಸಾಗಿ ಓಡಿದ್ರೆ ಮಾತ್ರ ಮಷೀನಿಗೆ.

"ಏನ್ ಹಾಲಣ್ಣ, ಹೆಣ್ಣು ನೋಡಾಕೆ ಬಂದೋರು ಇಷ್ಟು ನೋಡಲ್ಲ" ಅಂತ ಹುಡುಗರು ಆಡ್ಕೊಳ್ಳೋರು.

"ಗುರುತಿಲ್ಲದ ನಾಯಿ ತಲೆ ಸವರಾಕೆ ಮುಂಚೆ ಬಾಲ ನೋಡ್ಬೇಕ್ರೋ" ಅನ್ನೋನು ಅವನು.

ಇಂಥಾ ಮನುಷ್ಯ ಮೋಸ ಹೋಗಿದ್ದು ಹೆಂಗೆ ಅಂತೀರಾ? ಅದಕ್ಕೆ ಮೊದಲು ಶಂಕ್ರಮ್ಮನ ವಿಷಯ ಹೇಳ್ಬೇಕು.

ನಲ್ಲೂರು ಜಯದೇವಪ್ಪನ ಹೆಂಡ್ತಿ ಶಂಕ್ರಮ್ಮ. ಸೋಬಾನೆ ಪದ ಹೇಳೋದ್ರಾಗೆ ಆಕೆ ಸಮಕ್ಕೆ ಯಾರೂ ಇರಲಿಲ್ಲ. ಅದ್ರಾಗೂ ಹೆಣ್ಣು ಒಪ್ಪಿಸೋ ಪದ. ಮದುಮಗಳು ತವರಿನ ಹೊಸ್ತಿಲು ದಾಟೋವಾಗ ಹೇಳ್ತಾರಲ್ಲ, ಅದು. ಶಂಕ್ರಮ್ಮ ಅದನ್ನ ಶುರು ಮಾಡಿದ್ರೆ ಚಪ್ಪರದ ಗಂಡಸರೆಲ್ಲ ಕಣ್ಣಿಗೆ ಹೊಗೆ ಹೊಕ್ತು ಅಂತ ನೆಪ ಮಾಡ್ಕೊಂಡು ಎದ್ದು ಹೋಗೋರು. ಒಲೆ ಆರಿ ಎಷ್ಟೋ ಹೊತ್ತಾಗಿರೋದು.

ಅವರ ಓಣಿಯಾಗೆ ಒಂದು ಮದುವೆ. ನಮ್ದೇ ಮೈಕು. ಶಂಕ್ರಮ್ಮ ಪದ ಹೇಳೋವಾಗ ಹಾಲಸ್ವಾಮಿಗೆ ಏನನ್ನಿಸ್ತೋ, ಒಂದು ಖಾಲಿ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದ. ಪೂರ್ತಿ ಪದ ಅದ್ರಾಗೆ ಇಳೀತು. ಕೊನೆಗೆ ಶಂಕ್ರಮ್ಮ ನೋಡಿಬಿಟ್ಲು. ನಕ್ಕೊಂತ ಬೈದ್ಲು. ಆ ಬೈದಿದ್ದೂ ಇಳೀತು.

ಮುಂದಿನ ಮಳೆಗಾಲಕ್ಕೆ ಕಾಮಾಲೆ ಆಗಿ ಶಂಕ್ರಮ್ಮ ಹೋಗಿಬಿಟ್ಲು.

ಒಬ್ಬಳೇ ಮಗಳು, ಶಾಂತಾದೇವಿ. ನಾವೆಲ್ಲ ಶಾಂತಿ ಅಂತಿದ್ವಿ. ಅವ್ವನ ದನಿ ಹಾಲಸ್ವಾಮಿ ಡಬ್ಬಿಯಾಗೈತೆ ಅಂತ ಗೊತ್ತಾದ ಮ್ಯಾಲೆ, ಚನ್ನಗಿರಿ ಪ್ಯಾಟೆಗೆ ಬಂದಾಗೆಲ್ಲ ನಮ್ಮ ಅಂಗಡಿಗೆ ಬರೋಳು. ಬಾಗಿಲ ಹತ್ರ ಕುಂತು ಪದ ಕೇಳಿ, ಕಣ್ಣು ಒರೆಸ್ಕೊಂಡು, "ಬರ್ತೀನಿ ಹಾಲಣ್ಣ" ಅಂತ ಬಸ್ಸಿಗೆ ಹೋಗೋಳು.

"ತಗೊಂಡೇ ಹೋಗವ್ವ, ನಿಂದೇ ಅಲ್ವಾ" ಅಂದ ಹಾಲಸ್ವಾಮಿ ಒಂದು ದಿನ.

ಜಯದೇವಪ್ಪ ಬ್ಯಾಡ ಅಂದ. "ಮನೆಯಾಗಿದ್ರೆ ಯಾರ್ದಾದ್ರೂ ಟೇಪು ಇಸ್ಕೊಂಡು ದಿನಾ ಹಾಕ್ಕೊಂಡು ಅಳ್ತಾಳೆ. ನಾನೂ ಅಳ್ತೀನಿ. ನಿನ್ ಹತ್ರನೇ ಇರ್ಲಿ ಬಿಡಪ್ಪ, ಜೋಪಾನ ಮಾಡು."

ಹಾಲಸ್ವಾಮಿ ಜೋಪಾನ ಮಾಡ್ದ. ಕ್ಯಾಸೆಟ್ಟಿನ ಹಿಂದೆ ಎರಡು ಹಲ್ಲಿರ್ತಾವಲ್ಲ, ಅವನ್ನ ಮುರಿದು ಹಾಕ್ದ. ಅವು ಇಲ್ದಿದ್ರೆ ಅದರ ಮ್ಯಾಲೆ ಬ್ಯಾರೆ ಹಾಡು ತುಂಬಾಕೆ ಬರಲ್ಲ. ರೇಷ್ಮೆ ಬಟ್ಟೆ ಸುತ್ತಿ ತಗಡಿನ ಡಬ್ಬಿಯಾಗಿಟ್ಟ. ಹೊನ್ನಾಳಿಯಾಗೆ ನಮ್ಮ ಮಷೀನು ರಿಪೇರಿ ಮಾಡೋ ಸಾಬ್ರು ಒಬ್ರಿದ್ರು. ಅವರು ಹೇಳಿದ್ರು, "ಹಾಲಪ್ಪಾ, ಅದನ್ನ ತಾ ಇಲ್ಲಿ. ಇನ್ನೊಂದಕ್ಕೆ ತುಂಬಿ ಕೊಡ್ತೀನಿ. ಒಂದೇ ಕಣ್ಣಿದ್ದೋನು ಧೂಳಿನಾಗೆ ಓಡಾಡಬಾರದು."

"ಆಗ್ಲಿ ಸಾಬ್ರೆ, ಈ ಲಗ್ನದ ಸುಗ್ಗಿ ಮುಗೀಲಿ" ಅಂದ ಹಾಲಸ್ವಾಮಿ. ಸುಗ್ಗಿ ಮುಗೀತು, ಇನ್ನೊಂದು ಸುಗ್ಗಿ ಬಂತು.

ಆ ಸುಗ್ಗಿಯಾಗೇ ಶಾಂತಿ ಮದುವೆ ಗೊತ್ತಾಗಿದ್ದು. ಗಂಡು ಜಗಳೂರು ಕಡೆಯೋನು. ಗಂಡಿನ ಅಪ್ಪ ಕೊಟ್ರಬಸಪ್ಪ, ಜಗಳೂರು ರಸ್ತೆಯಾಗೆ ಚಾದಂಗಡಿ ಇಟ್ಕೊಂಡಿದ್ದ. ಒಳ್ಳೇ ಮನುಷ್ಯ. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು.

ಶಾಂತಿ ಅತ್ತೆ ಕರಿಬಸಮ್ಮ, ಅಂದ್ರೆ ಜಯದೇವಪ್ಪನ ಅಕ್ಕ, ಮದುವೆ ಪದಗಳಿಗೆಲ್ಲ ಹೆಣ್ಮಕ್ಕಳನ್ನ ಸೇರಿಸ್ತಿದ್ಲು. ಶಾಂತಿ ಆಕೆ ಕೈ ಹಿಡ್ಕೊಂಡು ಹೇಳಿದ್ಲು, "ಅತ್ತೆ, ಎಲ್ಲಾ ಪದ ಹೇಳ್ರಿ. ಒಪ್ಪಿಸೋ ಪದ ಮಾತ್ರ ಯಾರೂ ಹೇಳಬ್ಯಾಡ್ರಿ. ಅದು ನಮ್ಮವ್ವನೇ ಹೇಳ್ಬೇಕು."

"ಅಯ್ಯೋ ನನ್ ಕಂದ, ಆಕೆಗೆ ಬಿಟ್ಟು ನಾವ್ಯಾಕೆ ಬಾಯಿ ತೆಗೀತೀವಿ" ಅಂದ್ಲು ಕರಿಬಸಮ್ಮ. ಎಲ್ಲಾ ಹೆಣ್ಮಕ್ಕಳಿಗೂ ಹೇಳಿಟ್ಲು. ಆ ಹುಡುಗಿ ಮದುವೆಗೆ ಅಂತ ಸೀರೆ ಕೇಳ್ಲಿಲ್ಲ, ಒಡವೆ ಕೇಳ್ಲಿಲ್ಲ. ಕೇಳಿದ್ದು ಅದೊಂದೇ.

ಲಗ್ನ ಚೆನ್ನಾಗಾತು. ನಾನು ಹುಣಸೇ ಮರದಾಗೆ ಹಾರ್ನ್ ಕಟ್ಟಿದ್ದೆ. ಊಟದಾಗೆ ಮಾದ್ಲಿ, ಹಾಲು, ತುಪ್ಪ. ನಾನು ಉಂಡ ಮಾದ್ಲಿಗೆ ಮರದ ಟೊಂಗೆ ಬಗ್ಗಿ ಹಾರ್ನು ನೆಲಕ್ಕೆ ತಾಗ್ತು ಅಂತ ಆಮೇಲೆ ಊರಾಗೆಲ್ಲ ಹೇಳ್ಕೊಂಡು ತಿರುಗೀನಿ. ಅಷ್ಟೇನಿಲ್ಲ, ಗಾಳಿಗೆ ಹಾರ್ನು ಒಂಚೂರು ಓರೆ ಆಗಿತ್ತು. ಅದನ್ನ ಸರಿ ಮಾಡಾಕೆ ಅಂತ ಮರ ಹತ್ತಿದೆ. ಹೆಣ್ಣು ಕಳಿಸೋ ಹೊತ್ತು ಹತ್ರ ಬಂದಿತ್ತು. ಹಾಲಸ್ವಾಮಿ ಚಪ್ಪರದ ಮೂಲೆಯಾಗೆ ಮೇಜಿನ ಮುಂದೆ ಕುಂತು ರೇಷ್ಮೆ ಬಟ್ಟೆ ಬಿಚ್ತಿದ್ದ.

ಅಷ್ಟೊತ್ತಿಗೆ ಕೊಟ್ರಬಸಪ್ಪ ತಟ್ಟೆ ಹಿಡ್ಕೊಂಡು ಬಂದ.

ತಟ್ಟೆಯಾಗೆ ಎಲೆ, ಅಡಿಕೆ, ಹೂವು. ನಡುವೆ ಒಂದು ಕ್ಯಾಸೆಟ್ಟು. ಅದರ ಮ್ಯಾಲೆ ಯಾವುದೋ ದೇವರ ಫೋಟೋ ಅಂಟಿಸಿತ್ತು. ಫೋಟೋ ಮ್ಯಾಲೆ ಇಬೂತಿ ಪಟ್ಟೆ, ಇಬೂತಿ ಮ್ಯಾಲೆ ಕುಂಕುಮ.

"ಹಾಲಸ್ವಾಮೇರೇ, ನಮ್ಮ ಕಡೆಯಿಂದ ಇದೊಂದು ಹಾಡು ಆಗ್ಬೇಕು ನೋಡ್ರಿ. ಆಮೇಲೆ ಹೊರಡಾನ."

"ಯಾವ ಹಾಡು ಐತ್ರಿ ಇದ್ರಾಗೆ?"

"ಅದು ಗೊತ್ತಿಲ್ಲಪ್ಪ. ಯಾವನೋ ಲಾರಿಯೋನು ನಮ್ಮ ಅಂಗಡಿ ಬೆಂಚಿನ ಮ್ಯಾಲೆ ಬಿಟ್ಟು ಹೋಗಿದ್ದ. ದೇವರ ಫೋಟೋ ಐತೆ ಅಂದ್ಮ್ಯಾಲೆ ದೇವರ ಹಾಡೇ ಇರ್ತೈತೆ, ಮತ್ತೇನು ಲಾವಣಿ ಇರ್ತೈತಾ? ನಮ್ಮ ಮನೆಯಾಗೆ ಟೇಪಿಲ್ಲ. ಅವತ್ತಿಂದ ದೇವರ ಜಗಲಿ ಮ್ಯಾಲೆ ಇಟ್ಟು ಪೂಜೆ ಮಾಡೀವಿ. ಇವತ್ತು ಬರೋವಾಗ ಕಾಯಿ ಒಡೆದು ನೀರೂ ಹಾಕ್ಸೀನಿ. ಶುಭಕ್ಕೆ."

ಮರದ ಮ್ಯಾಲಿದ್ದ ನಂಗೇ ಅವನ ಮಾತು ಕೇಳಿಸ್ತು ಅಂದ್ರೆ ಆ ದನಿಗೆ ಮೈಕು ಬೇಕಾಗಿರಲಿಲ್ಲ. ಹಾಲಸ್ವಾಮಿ ಕ್ಯಾಸೆಟ್ ಕೈಗೆ ತಗೊಂಡ. ಬೆಳಕಿಗೆ ಹಿಡ್ದ. ಅಭ್ಯಾಸಬಲ, ಹೆಗಲ ಮ್ಯಾಲಿನ ಬಟ್ಟೆಗೆ ಕೈ ಹೋತು. ಒರೆಸ್ಬೇಕು.

ಒರೆಸೋದೇನನ್ನ? ಇಬೂತಿನ! ಬೀಗರು ಪೂಜೆ ಮಾಡಿ ತಂದಿರೋ ಇಬೂತಿನ, ಬೀಗರ ಕಣ್ಣೆದುರಿಗೆ, ಹೆಣ್ಣು ಕಳಿಸೋ ಹೊತ್ನಾಗೆ! ಒರೆಸಿದ್ರೆ ಆ ಹುಡುಗಿ ಬಾಳಿಗೇ ಕೆಟ್ಟ ಶಕುನ ಅನ್ನಲ್ವಾ ಜನ? ಸುತ್ತ ನಿಂತೋರ ಮುಖ ನೋಡ್ದ ಹಾಲಸ್ವಾಮಿ. ಜಯದೇವಪ್ಪ ಕಣ್ಣಾಗೇ "ಹಾಕಿಬಿಡಪ್ಪ" ಅಂದ. ಹೆಣ್ಣು ಕೊಟ್ಟೋನು ಮತ್ತೇನು ಅಂತಾನೆ?

ಬಟ್ಟೆ ಹೆಗಲ ಮ್ಯಾಲೇ ಉಳೀತು. ಪೆನ್ಸಿಲ್ಲು ಜೇಬಿನಾಗೇ ಉಳೀತು. ಹಾಲಸ್ವಾಮಿ ಕ್ಯಾಸೆಟ್ಟನ್ನ ಕಣ್ಣಿಗೊತ್ತಿಕೊಂಡು ಮಷೀನಿಗೆ ಹಾಕ್ದ.

ಹಾರ್ನಿನಾಗೆ ಬಂದಿದ್ದು ದೇವರ ಹಾಡೋ ಅಲ್ವೋ ಆ ದೇವರಿಗೇ ಗೊತ್ತು. ಯಾವನೋ ಗೊತ್ತಿಲ್ಲದ ಭಾಷೆಯಾಗೆ, ಕೆಸರಿನಾಗೆ ಸಿಕ್ಕ ಎಮ್ಮೆ ಎದ್ದು ಬರಾಕೆ ನೋಡಿದಂಗೆ, ಊಂ... ಊಂ... ಅಂತ ಎಳೀತಿದ್ದ. ಕೊಟ್ರಬಸಪ್ಪ ಕಣ್ಣು ಮುಚ್ಚಿ ಕೈ ಮುಗಿದು ನಿಂತ. ಹಿಂದಿದ್ದ ಹುಡುಗರು ಹೆಗಲ ಮ್ಯಾಲಿನ ವಲ್ಲಿ ಬಾಯಿಗೆ ತುರುಕ್ಕೊಂಡು ನಗ್ತಿದ್ರು. ನಾನು ಮರದ ಮ್ಯಾಲೆ ನಕ್ಕು ನಕ್ಕು ಬೀಳೋನಿದ್ದೆ. ಹೌದು, ನಾನೂ ನಕ್ಕೆ.

ಸ್ವಲ್ಪ ಹೊತ್ತಿಗೆ ಎಮ್ಮೆ ನಿಂತೇ ಹೋತು. "ರೀಲು ಬಿಗಿ ಐತ್ರಿ" ಅಂತ ಹಾಲಸ್ವಾಮಿ ಕ್ಯಾಸೆಟ್ ತೆಗೆದು ತಟ್ಟೆಯಾಗಿಟ್ಟ.

"ಇರ್ಲಿ ಬಿಡ್ರಿ, ಒಂದು ನುಡಿ ಆತಲ್ಲ, ಸಾಕು" ಅಂದ ಕೊಟ್ರಬಸಪ್ಪ, ತೃಪ್ತಿಯಾಗಿ.

ಆವಾಗ್ಲಾದ್ರೂ ಮಷೀನಿನ ಬಾಯಿ ತೆಗೆದು ಒಳಗಿನ ರಬ್ಬರ್ ಗಾಲಿ ನೋಡ್ಬೇಕಿತ್ತು. ರೀಲು ಎಳೆಯೋದೇ ಆ ಗಾಲಿ. ಹಾಲಸ್ವಾಮಿ ನೋಡಾಕೆ ಬಗ್ಗಿದ್ನಂತೆ. ಅಷ್ಟೊತ್ತಿಗೆ ಯಾರೋ ಕೂಗಿದ್ರು, "ರಾಹುಕಾಲ ಬಂತ್ರಪ್ಪೋ! ಹೆಣ್ಣು ಹೊರಡಿಸ್ರಿ, ಹೆಣ್ಣು ಹೊರಡಿಸ್ರಿ!" ಒಬ್ಬರ ಮ್ಯಾಲೊಬ್ಬರು. ಬಾಗಿಲಿಗೆ ಆರತಿ ಬಂತು. ಶಾಂತಿನ ಕರ್ಕೊಂಡು ಬಂದೇ ಬಿಟ್ರು.

ಹಾಲಸ್ವಾಮಿ ಶಂಕ್ರಮ್ಮನ ಕ್ಯಾಸೆಟ್ ಹಾಕ್ದ.

ಶಾಂತಿ ಹೊಸ್ತಿಲ ಮ್ಯಾಲೆ ನಿಂತ್ಲು. ನನ್ ಕಿವಿ ಪಕ್ಕದಾಗೆ ಹಾರ್ನು ಒಂದ್ಸಲ ಕರ್ ಅಂತು. ಆಮೇಲೆ ಬಂತು ನೋಡ್ರಿ ಆ ದನಿ.

"ಹೊಸ್ತಿಲ ಮ್ಯಾಲೆ ನಿಂತು ಒಮ್ಮೆ ತಿರುಗಿ ನೋಡ ಮಗಳೇ..."

ಕರಿಬಸಮ್ಮ ಕಂಬ ಹಿಡ್ಕೊಂಡ್ಲು. ಜಯದೇವಪ್ಪ ರುಮಾಲು ಬಿಚ್ಚಿ ಮುಖ ಮುಚ್ಕೊಂಡ. ಶಾಂತಿ ತಿರುಗಿದ್ಲು. ಮನೆ ಕಡೆ ಅಲ್ಲ, ಹಾರ್ನಿನ ಕಡೆ. ಅವ್ವ ಅಲ್ಲೇ ಕುಂತಾಳೆ ಅನ್ನೋಹಂಗೆ ತಲೆ ಎತ್ತಿ ನೋಡಿದ್ಲು. ಹಾರ್ನಿನ ಪಕ್ಕ ಕುಂತಿದ್ದೋನು ನಾನು. ಆ ಕಣ್ಣು ನನ್ ಮ್ಯಾಲೆ ಬಿತ್ತು. ಮರ ಹತ್ತಿದೋನಿಗೆ ಅಡಗಾಕೆ ಜಾಗ ಇರಲ್ರಿ.

ಆ ಪದಕ್ಕೆ ಎರಡನೇ ಸಾಲು ಒಂದೈತೆ. "ನೋಡಿದ್ದು ಸಾಕು ಹೊರಡೇ, ಬೆನ್ನಿಗೆ ನಾನಿದ್ದೀನಿ ಮಗಳೇ" ಅಂತ. ಮೊದಲ್ನೇದು ಹುಡುಗಿನ ನಿಲ್ಸೋದು, ಎರಡ್ನೇದು ಕಳ್ಸೋದು.

ಎರಡ್ನೇದು ಬರಲಿಲ್ಲ. "ನೋಡಿದ್ದು" ಅಂತ ಶುರುವಾಗಿದ್ದು ಎಳೆದಂಗಾತು. ಶಂಕ್ರಮ್ಮನ ದನಿ ದಪ್ಪ ಆತು, ಗಂಡಸಿನ ದನಿ ಆತು, ಗುರ್ ಅಂತು. ಕಟಕ್. ನಿಂತು ಹೋತು.

ಹಾಲಸ್ವಾಮಿ ಮಷೀನಿನ ಬಾಯಿ ತೆಗೆದ. ಕಾಯಿ ನೀರು ಒಣಗಿ ಅಂಟು ಆಗಿತ್ತು, ಅಂಟಿಗೆ ಇಬೂತಿ ಮೆತ್ಕೊಂಡಿತ್ತು. ಎಲ್ಲಾ ಆ ರಬ್ಬರ್ ಗಾಲಿಗೆ ಬಂದು ಕುಂತಿತ್ತು. ಶಂಕ್ರಮ್ಮನ ರೀಲು ಅದಕ್ಕೆ ಸುತ್ಕೊಂಡು, ಮುದುರಿ, ಜಗಿದು ಉಗಿದ ಎಲೆಯಂಗಾಗಿತ್ತು. ಬಿಡಿಸಾಕೆ ಎಳೆದ. ಪಟ್ ಅಂತು.

ಶಾಂತಿ ಇನ್ನೂ ತಲೆ ಎತ್ಕೊಂಡೇ ನಿಂತಿದ್ಲು. ಎರಡನೇ ಸಾಲಿಗೆ ಕಾಯ್ತಿದ್ಲು.

ಅಲ್ಲಿದ್ದ ಎಲ್ಲಾ ಹೆಂಗಸರಿಗೂ ಆ ಸಾಲು ಬರ್ತಿತ್ತು. ಕರಿಬಸಮ್ಮ ಬಾಯಿ ತೆಗೆದ್ಲು. ತೆಗೆದು, ಸೆರಗು ತುರುಕ್ಕೊಂಡು ಮುಚ್ಕೊಂಡ್ಲು. ಯಾರೂ ಹೇಳಬಾರದು ಅಂತ ಹುಡುಗಿನೇ ಮಾತು ತಗೊಂಡಿದ್ಲಲ್ಲ. ಆವತ್ತು ಯಾರಾದ್ರೂ ಮಾತು ಮುರಿದು ಹೇಳಿಬಿಟ್ಟಿದ್ರೆ ಚೆನ್ನಾಗಿರ್ತಿತ್ತು ಅಂತ ಕರಿಬಸಮ್ಮ ಈಗ್ಲೂ ಅಂತಾಳೆ.

"ಮಷೀನು ಕೆಟ್ರೆ ಏನಾತ್ರಿ, ನಡೀರಿ ನಡೀರಿ!" ಅಂದ ಕೊಟ್ರಬಸಪ್ಪ. "ನಮ್ಮ ದೇವರ ಹಾಡಿನ ತೂಕ ತಡೀಲಿಲ್ಲ ಅದು."

ನಾನು ಮರ ಇಳಿದು ಮೇಜಿನ ಹತ್ರ ಬಂದೆ. ಶಾಂತಿನೂ ಬಂದ್ಲು. ಬಾಸಿಂಗ ಕಟ್ಟಿದ ಹುಡುಗಿ, ಜನ ಎಲ್ಲ ನೋಡ್ತಿದ್ರೂ ಸೀದಾ ಬಂದ್ಲು. ಗಾಲಿ ನೋಡಿದ್ಲು. ಅದಕ್ಕೆ ಮೆತ್ತಿದ್ದ ಬಿಳೇದು ನೋಡಿದ್ಲು. ತಟ್ಟೆಯಾಗಿದ್ದ ಕ್ಯಾಸೆಟ್ ನೋಡಿದ್ಲು. ಎಲ್ಲಾ ಗೊತ್ತಾತು ಆಕೆಗೆ.

ಹಾಲಸ್ವಾಮಿ "ತಂಗೀ..." ಅಂದ.

"ಮಾವಾರಿಗೆ ಹೇಳಬ್ಯಾಡ ಹಾಲಣ್ಣ" ಅಂದ್ಲು, ಮೆಲ್ಲಗೆ. "ಪಾಪ, ಒಳ್ಳೇದಕ್ಕೆ ಅಂತ ತಂದಾರೆ. ನಾನು ಆ ಮನೆಯಾಗೆ ಬಾಳ್ಬೇಕು."

ಹೋಗಿ ಬಸ್ಸು ಹತ್ತಿದ್ಲು. ಪದ ಇಲ್ದೇನೇ.

ಹೊನ್ನಾಳಿ ಸಾಬ್ರ ಹತ್ರ ಹೋದ್ವಿ. ಸಾಬ್ರು ರೀಲು ನೋಡಿ ಕನ್ನಡಕ ತೆಗೆದಿಟ್ರು. "ಏನಪ್ಪಾ ಇದು, ಇದಕ್ಕೆ ಅಭಿಷೇಕ ಮಾಡಿದ್ರಾ?" ನಗೋಕೆ ಹೋದೋರು ಹಾಲಸ್ವಾಮಿ ಮುಖ ನೋಡಿ ರೀಲು ಕೈಗೆ ತಗೊಂಡ್ರು. ಕುಂತು ಇಸ್ತ್ರಿ ಮಾಡಿದಂಗೆ ನೀವಿದ್ರು, ಕೊಯ್ದ್ರು, ಅಂಟಿಸಿದ್ರು. ಗಾಲಿ ಹಿಂದಿಂದೂ ಮುಂದಿಂದೂ ಎಳೆದು ಸುತ್ಕೊಂಡಿದ್ದ ರೀಲೆಲ್ಲ ಪುಡಿ ಉದುರಿ ಹೋಗಿತ್ತು. ಉಳಿದಿದ್ದನ್ನ ಹಾಕಿ ಕೇಳಿಸಿದ್ರು.

ಪದ ಹೋಗಿತ್ತು. ಬೈದಿದ್ದು ಉಳಿದಿತ್ತು.

"ಸಾಕು ಬಂದ್ ಮಾಡಪ್ಪ ಹಾಲಸ್ವಾಮಿ. ಬೆಳಗ್ಗಿಂದ ಉಂಡಿಲ್ಲ ನೀನು. ಹೋಗು, ಉಣ್ಣೋಗು." ಆಮೇಲೆ ಒಂದು ನಗು.

ಸಾಬ್ರು ಕೇಳದೇನೇ ಅದನ್ನ ಇನ್ನೊಂದು ಕ್ಯಾಸೆಟ್ಟಿಗೆ ತುಂಬಿ ಕೊಟ್ರು. "ಅವತ್ತೇ ಹೇಳಿದ್ದೆ" ಅಂತ ಅನ್ನಲಿಲ್ಲ. ಅಂದಿದ್ರೇ ವಾಸಿ ಇತ್ತು. ಬಸ್ಸಿನಾಗೆ ಹೊಳೆ ಸೇತುವೆ ದಾಟೋವಾಗ ಹಾಲಸ್ವಾಮಿ ಒಂದೇ ಮಾತು ಅಂದ. "ಓಬಣ್ಣ, ಬಟ್ಟೆ ನನ್ ಹೆಗಲ ಮ್ಯಾಲೇ ಇತ್ತಲ್ಲೋ."

ನಾನು ನಗ್ಸಾಕೆ ಏನಾದ್ರೂ ಹೇಳ್ಬೇಕು ಅಂತ ಹುಡುಕಿದೆ. ಜಗತ್ತಿನ ಸುಳ್ಳೆಲ್ಲ ನನ್ ಹತ್ರ ಇರ್ತಾವೆ, ಅವತ್ತು ಒಂದೂ ಸಿಗಲಿಲ್ಲ.

ಆಮೇಲೆ ಹಾಲಸ್ವಾಮಿ ಒಂದು ಹಳೇ ಟೇಪ್‌ರೆಕಾರ್ಡ್ ತಂದ. ಮುಚ್ಚಳ ಇಲ್ಲ, ಒಂದು ಗುಂಡಿ ಇಲ್ಲ. ಯಾರು ಹೊರಗಿನ ಕ್ಯಾಸೆಟ್ ತಂದ್ರೂ ಮೊದಲು ಅದಕ್ಕೆ ಹಾಕೋನು. ಅದು ತಿಂದ್ರೆ ಅದೇ ತಿನ್ಲಿ. ಅದ್ರಾಗೆ ಓಡಿದ ಮ್ಯಾಲೆ ಒರೆಸಿ, ಒಣಗಿಸಿ, ಆಮೇಲೆ ಒಳ್ಳೇ ಮಷೀನಿಗೆ. ಊರ ಗೌಡ ತರ್ಲಿ, ಮಠದಿಂದ ಬರ್ಲಿ, ಎಲ್ಲಕ್ಕೂ ಅದೇ ಬಾಗ್ಲು. ಜನ ಅದಕ್ಕೆ ಮಲತಾಯಿ ಮಷೀನು ಅಂತ ಹೆಸರಿಟ್ರು. "ಏನ್ ಹಾಲಣ್ಣ, ಮಲತಾಯಿ ಒಪ್ಪಿದ್ಲಾ?" ಅನ್ನೋರು. ಅವನು ನಗ್ತಿರಲಿಲ್ಲ.

ಎಷ್ಟೋ ದಿನ ಆದ ಮ್ಯಾಲೆ ಜಗಳೂರಿಂದ ಹೇಳಿ ಕಳ್ಸಿದ್ರು. ಶಾಂತಿ ಮಗಳಿಗೆ ತೊಟ್ಲು ಶಾಸ್ತ್ರ. "ಮೈಕು ಹಾಲಸ್ವಾಮೇರ್ದೇ ಬರ್ಬೇಕು" ಅಂದಿದ್ನಂತೆ ಕೊಟ್ರಬಸಪ್ಪ. ಅಷ್ಟು ದೂರ ಲಾರಿ ಮ್ಯಾಲೆ ಸಾಮಾನು ಹಾಕ್ಕೊಂಡು ಹೋದ್ವಿ. ಅಲ್ಲಿ ಮರ ಕಮ್ಮಿ, ಮಾಳಿಗೆ ಮ್ಯಾಲೇ ಹಾರ್ನ್ ಕಟ್ಟಿದೆ.

ಕೊಟ್ರಬಸಪ್ಪ ಮೊಮ್ಮಗಳನ್ನ ಎತ್ಕೊಂಡು ಹಿಗ್ಗಿ ಕುಣೀತಿದ್ದ. ಕುಣೀತಾನೇ ಒಳಗೆ ಹೋಗಿ ತಟ್ಟೆ ತಂದ. ಅದೇ ಕ್ಯಾಸೆಟ್ಟು! ಇಬೂತಿ ಈಗ ಇನ್ನೂ ದಪ್ಪ ಆಗಿತ್ತು.

"ಅವತ್ತು ಅರ್ಧಕ್ಕೇ ನಿಂತಿತ್ತು ನೋಡ್ರಿ. ಇವತ್ತು ಪೂರ್ತಿ ಆಗ್ಲಿ."

ಹಾಲಸ್ವಾಮಿ ಕೈ ಮುಗಿದ. "ಯಜಮಾನ್ರೇ, ತಪ್ಪು ತಿಳ್ಕೋಬ್ಯಾಡ್ರಿ. ಮೊದಲು ಈ ಹಳೇದ್ರಾಗೆ ಹಾಕ್ತೀನಿ."

"ಏನ್ರಿ ಇದು! ದೇವರಿಗೇ ಪರೀಕ್ಷೆನಾ? ಈ ಗುಜರಿಯಾಗೆ ನಮ್ಮ ದೇವರನ್ನ ಹಾಕ್ತೀರಾ?"

ಜನ ತಿರುಗಿ ನೋಡಿದ್ರು. ಹಾಲಸ್ವಾಮಿ ಮುಗಿದ ಕೈ ಇಳಿಸಲಿಲ್ಲ. ಶಾಂತಿ ನೀರಿನ ತಂಬಿಗೆ ಹಿಡ್ಕೊಂಡು ಬಾಗಿಲಾಗೆ ನಿಂತಿದ್ಲು.

"ಅವರ ಮಷೀನು, ಅವರು ಹೆಂಗಾದ್ರೂ ಹಾಕ್ಲಿ ಬಿಡ್ರಿ ಮಾವಾರೆ" ಅಂದ್ಲು. "ದೇವರಿಗೆ ಹಳೇದೇನು, ಹೊಸದೇನು."

ಸೊಸೆ ಮಾತಿಗೆ ಕೊಟ್ರಬಸಪ್ಪ ಕರಗಿದ. ಕ್ಯಾಸೆಟ್ಟು ಮಲತಾಯಿ ಮಷೀನಿಗೆ ಹೋತು. ಒಂದು ಸಲ ಊಂ ಅಂತು, ರೀಲೂ ಗಾಲಿನೂ ಕೂಡಿ ಅಲ್ಲೇ ಸಿಕ್ಕು ಬಿದ್ವು. ಹಾಲಸ್ವಾಮಿ ಬಿಡಿಸಾಕೆ ಕುಂತ, ನಿಧಾನಕ್ಕೆ, ಪೆನ್ಸಿಲ್ ಹಿಡ್ಕೊಂಡು.

"ಹಾಲಣ್ಣ, ನಂದು ತಂದೀಯಾ?" ಅಂದ್ಲು ಶಾಂತಿ.

ತಂದಿದ್ದ. ರೇಷ್ಮೆ ಬಟ್ಟೆ ಬಿಚ್ಚಿದ. ಒಳ್ಳೇ ಮಷೀನಿಗೆ ಹಾಕ್ದ. ಶಾಂತಿ ಮಗೂನ ಎದೆಗವಚ್ಕೊಂಡು ಅಂಗಳಕ್ಕೆ ಬಂದು ತಲೆ ಎತ್ತಿದ್ಲು. ಈ ಸಲ ನಾನು ಹಾರ್ನಿನ ಹತ್ರ ಇರಲಿಲ್ಲ. ಬೇಕಂತಲೇ ಮೊದಲೇ ಇಳಿದು ಬಂದಿದ್ದೆ.

"ಸಾಕು ಬಂದ್ ಮಾಡಪ್ಪ ಹಾಲಸ್ವಾಮಿ. ಬೆಳಗ್ಗಿಂದ ಉಂಡಿಲ್ಲ ನೀನು. ಹೋಗು, ಉಣ್ಣೋಗು." ಜಗಳೂರಿನ ಆ ಬಯಲಿಗೆಲ್ಲ ಕೇಳಂಗೆ ಶಂಕ್ರಮ್ಮ ನಕ್ಲು.

ಕೂಸು ಕಣ್ಣು ಪಿಳಿಪಿಳಿ ಬಿಡ್ತು. ಸೇರಿದ್ದ ಜನನೂ ನಕ್ರು. ಕೊಟ್ರಬಸಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

"ಯಾರವ್ವ ಇದು, ಊಟಕ್ಕೆ ಕರೆಯೋ ಕ್ಯಾಸೆಟ್ಟು?"

"ನಮ್ಮವ್ವ, ಮಾವಾರೆ."

ಅವನ ನಗು ನಿಂತು ಹೋತು. ಹಾರ್ನಿನ ಕಡೆ ನೋಡ್ದ. ಸೊಸೆ ಕಡೆ ನೋಡ್ದ. "ಭಾಳ ಚೆನ್ನಾಗಿ ಪದ ಹೇಳ್ತಿದ್ರು ಅಂತ ಜಯದೇವಪ್ಪ ಹೇಳ್ತಿದ್ರು. ಇದ್ರಾಗೆ ಪದನೇ ಇಲ್ವಲ್ಲವ್ವ?"

ಹಾಲಸ್ವಾಮಿ ಕೈಯಾಗಿನ ಪೆನ್ಸಿಲ್ಲು ನಿಂತು ಹೋತು. ಇಬೂತಿ ಪುಡಿ ಅವನ ಬೆರಳಿಗೆಲ್ಲ ಮೆತ್ತಿತ್ತು.

ಶಾಂತಿ ಮಗೂನ ಕುಲಾವಿ ಸರಿ ಮಾಡಿದ್ಲು.

"ಇತ್ತು, ಮಾವಾರೆ" ಅಂದ್ಲು. "ಬರ್ರಿ, ಊಟಕ್ಕೆ ಏಳ್ರಿ."